ಹುಚ್ಚರಂಗಯ್ಯನವರ ಎಡೆ

ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಗಂಗಲಕ್ಷ್ಮಿಯವರು, ಕೆಳಗೆ ಸದನದಲ್ಲಿ ತಮ್ಮ ತಂದೆಯ ಹೆಸರು ಕೇಳಿಬಂದೊಡನೆ ಸೆರಗನ್ನು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. ಆ ಹೆಸರು ಅಲ್ಲಿ ಕೇಳಿಸಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಹೆಮ್ಮೆಪಡುವುದಕ್ಕೆ ಅವರಿಗೆ ದೊರೆತದ್ದು ಒಂದು ವಾಕ್ಯದಷ್ಟು ಅವಕಾಶ ಮಾತ್ರ.

“ಮಾನ್ಯ ಸಭಾಧ್ಯಕ್ಷರೆ,” ಎಂದು ಶಾಸಕ ಸೂರ್ಯಪ್ರಕಾಶ್ ಮುಂದುವರಿಸಿದರು, “ದೇವರೆಂದು ಘೋಷಿಸಲು ಈ ವಿಧೇಯಕದಲ್ಲಿ ಅಗಲಿದ ಆರು ನಾಯಕರ ಹೆಸರುಗಳಿವೆ. ಏಳನೆಯವರಾಗಿ ನನ್ನ ಗುರುಗಳಾದ ದಬ್ಬೇಘಟ್ಟದ ದಿವಂಗತ ಹುಚ್ಚರಂಗಯ್ಯನವರನ್ನೂ ದೇವರೆಂದು ಘೋಷಿಸಬೇಕೆಂದು ತಿದ್ದುಪಡಿ ಮಂಡಿಸುತ್ತೇನೆ.”

ಮೇಜು ಕುಟ್ಟುವ ಸದ್ದು ಸಭಾಂಗಣವನ್ನೆಲ್ಲ ತುಂಬಿತು. ಆ ಸದ್ದು ಇಳಿಯುವ ಮೊದಲೇ ಸದಸ್ಯರೊಬ್ಬರು ಎದ್ದುನಿಂತು, ‘ದಿವಂಗತ’ ಎಂಬ ಪದವನ್ನು ಹಿಂತೆಗೆದುಕೊಳ್ಳಬೇಕು, ದೇವರಾಗುವವರು ದಿವಂಗತರಾಗುವುದೆಂತು ಎಂದು ಆಕ್ಷೇಪಿಸಿದರು. ಸಭಾಧ್ಯಕ್ಷರು ಕೊಂಚ ಯೋಚಿಸಿ, ಪದವನ್ನು ಕಡತದಿಂದ ತೆಗೆಯುವಂತೆ ಆದೇಶಿಸಿದರು. ಯಾರೂ ನಗಲಿಲ್ಲ. ಗಂಗಲಕ್ಷ್ಮಿಯವರನ್ನು ಮೊದಲು ಬೆಚ್ಚಿಸಿದ್ದು ಅದೇ. ಅಷ್ಟು ಮಂದಿ ಓದು ಬಲ್ಲವರು, ಪ್ರಮಾಣವಚನ ಸ್ವೀಕರಿಸಿದವರು, ಅವರಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲ.

ಅವರು ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಶಾಸಕಾಂಗವೆಂದರೆ ಏನು, ಅದರ ಕರ್ತವ್ಯಗಳೇನು ಎಂಬುದನ್ನು ಒಂಬತ್ತನೆಯ ತರಗತಿಗೆ ಎಷ್ಟು ಸಲ ಪಾಠ ಮಾಡಿದ್ದರೋ ಲೆಕ್ಕವಿಲ್ಲ. ಹಿಂದಿನ ದಿನ ಸೂರ್ಯಪ್ರಕಾಶ್ ದೂರವಾಣಿ ಮಾಡಿ, “ಅಕ್ಕ, ನಾಳೆ ನೀವು ಬರ್ಲೇಬೇಕು ಕಣ್ರೀ. ಅಯ್ಯನ ಹೆಸ್ರು ಉಳಿಸೋ ಕೆಲ್ಸ ಮಾಡ್ತೀನಿ,” ಎಂದಾಗ, ಇವನು ಈ ಅವಿವೇಕದ ವಿಧೇಯಕವನ್ನು ವಿರೋಧಿಸಿ ಮಾತನಾಡುತ್ತಾನೆಂದೇ ಅವರು ತಿಳಿದಿದ್ದರು. ಸೂರ್ಯಪ್ರಕಾಶ್ ಗಂಗಲಕ್ಷ್ಮಿಯವರ ಮನೆಯಲ್ಲೇ ಉಂಡು ಬೆಳೆದವನು. ಹುಚ್ಚರಂಗಯ್ಯನವರ ಚೀಲ ಹೊತ್ತು ಊರೂರು ತಿರುಗುತ್ತ ರಾಜಕೀಯ ಕಲಿತವನು. ಅಯ್ಯ ಎಂಥವರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹುಚ್ಚರಂಗಯ್ಯನವರು ಮೂರು ಬಾರಿ ಶಾಸಕರಾಗಿದ್ದವರು. ಸಾಯುವವರೆಗೂ ಬಸ್ಸಿನಲ್ಲೇ ಓಡಾಡಿದವರು. ಬೀಡಿ ಸೇದುತ್ತಿದ್ದರು, ಕೋಳಿ ಸಾರೆಂದರೆ ಪ್ರಾಣ ಬಿಡುತ್ತಿದ್ದರು, ಸಿಟ್ಟು ಬಂದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಯಾರಾದರೂ ಕಾಲು ಮುಟ್ಟಲು ಬಗ್ಗಿದರೆ ಹಿಂದಕ್ಕೆ ಸರಿದು, “ಕಾಲಿಗೆ ಬೀಳೋನು ನಾಳೆ ಕಾಲೆಳೀತಾನೆ ಕಣ್ಲಾ, ಎದ್ದೇಳು,” ಎನ್ನುತ್ತಿದ್ದರು. ಅಂಥ ಮನುಷ್ಯನನ್ನು ದೇವರು ಮಾಡುವುದೆಂದರೆ ಅವರು ಬದುಕಿದ್ದಷ್ಟು ಕಾಲವನ್ನೂ ಅವಮಾನಿಸಿದಂತೆ.

ವಿಧೇಯಕವೂ ಸಾಮಾನ್ಯದ್ದಾಗಿರಲಿಲ್ಲ. ದೇವರೆಂದು ಘೋಷಿತರಾದವರನ್ನು ಹೂಳಿದ ಅಥವಾ ಸುಟ್ಟ ಜಾಗ ಪುಣ್ಯಕ್ಷೇತ್ರವಾಗುವುದು. ನಿತ್ಯಪೂಜೆ ಸರ್ಕಾರದ ಹೊಣೆ. ಅವರಲ್ಲಿ ದೋಷವಿತ್ತೆಂದು ಆಡುವುದು, ಬರೆಯುವುದು, ಪಾಠ ಹೇಳುವುದು ದಂಡನೀಯ ಅಪರಾಧ.

ವಿರೋಧ ಪಕ್ಷದ ಸಾಲಿನಿಂದ ಮಲ್ಲಿಕಾರ್ಜುನಯ್ಯನವರು ಎದ್ದರು. ತಿಪಟೂರಿನ ಹಳೆಯ ಕೊಬ್ಬರಿ ವರ್ತಕರ ಮನೆತನದವರು, ಮಾತಿನಲ್ಲಿ ನಿಧಾನ.

“ನಮ್ಮ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು, ಹುಳು ಬಿದ್ದಿದೆಯೇ, ಬೂಷ್ಟು ಹಿಡಿದಿದೆಯೇ ಎಂದು ನೋಡಿ ಬೆಲೆ ಕಟ್ಟುತ್ತೇವೆ. ಈ ಕಾನೂನಿನ ಪ್ರಕಾರ ನೋಡುವುದೇ ಅಪರಾಧ. ಹುಚ್ಚರಂಗಯ್ಯನವರ ಮೇಲೆ ನನಗೆ ಅಪಾರ ಗೌರವವಿದೆ. ಯಾಕೆ ಗೊತ್ತೇ? ನಾಲೆಯ ನೀರನ್ನು ತಮ್ಮ ಊರಿನ ಕಡೆಗೆ ತಿರುಗಿಸಿಕೊಂಡು ಮಾಯಸಂದ್ರದ ಕಡೆಯ ಗದ್ದೆಗಳನ್ನು ಒಣಗಿಸಿದರು. ಮರುವರ್ಷ ಇದೇ ಸದನದಲ್ಲಿ ಎದ್ದುನಿಂತು, ತಪ್ಪಾಯಿತು, ಅದನ್ನು ಸರಿಪಡಿಸಿ ಎಂದು ಕೈಮುಗಿದರು. ತಪ್ಪೊಪ್ಪಿಕೊಂಡ ಮನುಷ್ಯ ದೊಡ್ಡವನು. ಅವನನ್ನು ದೇವರು ಮಾಡಿದರೆ ಆ ಮಾತನ್ನು ಎಲ್ಲಿ ಬಚ್ಚಿಡುತ್ತೀರಿ?”

ಬಳಿಕ ಸಭಾಧ್ಯಕ್ಷರು, ತಿದ್ದುಪಡಿ ಅಂಗೀಕಾರವಾದಲ್ಲಿ ಆ ಹಳೆಯ ಭಾಷಣವನ್ನು ಕಡತದಿಂದ ತೆಗೆಯುವ ಬಗ್ಗೆ ಪರಿಶೀಲಿಸಲಾಗುವುದೆಂದು ಶಾಂತವಾಗಿ ನುಡಿದರು.

ತಂದೆಯ ಆ ಒಂದು ಭಾಷಣವನ್ನು ಗಂಗಲಕ್ಷ್ಮಿಯವರು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದರು. ಪ್ರಜಾಪ್ರಭುತ್ವವೆಂದರೆ ತಪ್ಪಾಯಿತು ಎಂದು ಹೇಳಬಲ್ಲವರ ಆಳ್ವಿಕೆ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದರು. ತಂದೆಯ ಜೀವಮಾನದ ಅತ್ಯಂತ ಎತ್ತರದ ಗಳಿಗೆಯನ್ನು, ಅವರನ್ನು ಎತ್ತರಕ್ಕೇರಿಸುವ ನೆಪದಲ್ಲಿ, ಅಳಿಸಲು ಹೊರಟಿದ್ದರು.

ಆಮೇಲೆ ಎದ್ದವರು ಆಡಳಿತ ಪಕ್ಷದ ಹಿರಿಯ ಸದಸ್ಯ ಅಣ್ಣಯ್ಯನವರು. ದಪ್ಪ ಮೀಸೆ, ಹಾಸ್ಯ ಪ್ರವೃತ್ತಿ, ಊಟದ ಚಪಲ ಮೂರಕ್ಕೂ ಪ್ರಸಿದ್ಧರು.

“ಒಂದು ಸಂದೇಹ ಸ್ವಾಮಿ. ಉಳಿದ ಆರು ಮಹನೀಯರ ಪತ್ನಿಯರು ಈಗಿಲ್ಲ. ಆದರೆ ಹುಚ್ಚರಂಗಯ್ಯನವರ ಧರ್ಮಪತ್ನಿ ಭೈರಮ್ಮನವರು ಇನ್ನೂ ಬದುಕಿದ್ದಾರೆ. ದೇವರಿಗೆ ಸಾವಿಲ್ಲ. ಅಂದ ಮೇಲೆ ಆ ತಾಯಿ ವಿಧವೆಯೋ, ಮುತ್ತೈದೆಯೋ? ಸದನ ಇದನ್ನು ಇತ್ಯರ್ಥ ಮಾಡಬೇಕು.”

ಇತ್ಯರ್ಥಕ್ಕೆ ಸದನ ತೊಡಗಿಯೇಬಿಟ್ಟಿತು. ಒಬ್ಬರು ಪುರಾಣದ ದೃಷ್ಟಾಂತ ಕೊಟ್ಟರು. ಇನ್ನೊಬ್ಬರು ವಿಧವೆಯರ ಬಗ್ಗೆ ತಮಗಿರುವ ಅನುಕಂಪವನ್ನು ದೀರ್ಘವಾಗಿ ವರ್ಣಿಸಿ, ಒಬ್ಬ ಹೆಣ್ಣುಮಗಳಿಗಾದರೂ ಕಾನೂನಿನಿಂದ ಕುಂಕುಮಭಾಗ್ಯ ಮರಳುವುದಾದರೆ ಅದೇ ಸುಧಾರಣೆ ಎಂದರು. ಅದಕ್ಕೆ ಚಪ್ಪಾಳೆ ಬಿತ್ತು. ಎಂಬತ್ತು ದಾಟಿದ ಒಬ್ಬ ಹೆಂಗಸಿನ ಹಣೆಯನ್ನೂ ಕೈಗಳನ್ನೂ ಕುರಿತು, ಆಕೆಯನ್ನು ಎಂದೂ ಕಂಡಿರದ ಗಂಡಸರು ಸರದಿಯಂತೆ ಎದ್ದು ಮಾತನಾಡಿದರು.

ಗಂಗಲಕ್ಷ್ಮಿಯವರಿಗೆ ತಾವು ಎದ್ದುನಿಂತದ್ದು ತಿಳಿಯಲಿಲ್ಲ. “ಆಕೆ ನನ್ನ ತಾಯಿ,” ಎಂದರು. ಧ್ವನಿ ಜೋರಾಗಿರಲಿಲ್ಲ. ತರಗತಿಯಲ್ಲಿ ಗದ್ದಲವಾದಾಗ ಬಳಸುವ ಧ್ವನಿ ಅದು. “ನಮ್ಮ ತಾಯಿಯ ವಿಷಯ ನಿಮ್ಮ ಮೇಜಿನ ಮೇಲೆ ಇಡಬೇಡಿ.”

ಮಹಿಳಾ ಮಾರ್ಷಲ್ ಒಬ್ಬಳು ಬಂದು ತೋಳು ಹಿಡಿದಳು. “ಗ್ಯಾಲರೀಲಿ ಮಾತಾಡಂಗಿಲ್ಲ ಮೇಡಂ, ಬನ್ನಿ ಆಚೆಗೆ,” ಎಂದು ಮೆಲ್ಲಗೆ ಹೇಳಿದಳು. ಗ್ಯಾಲರಿಯಲ್ಲಿ ಮಾತನಾಡಕೂಡದೆಂಬ ನಿಯಮವನ್ನು ಗಂಗಲಕ್ಷ್ಮಿಯವರೇ ಎಷ್ಟೋ ಮಕ್ಕಳಿಗೆ ಕಲಿಸಿದ್ದರು. ತಲೆ ತಗ್ಗಿಸಿ ಹೊರಬಂದರು.

ಮೊಗಸಾಲೆಗೆ ಸೂರ್ಯಪ್ರಕಾಶ್ ಓಡಿಬಂದ.

“ಏನಕ್ಕ ಇದು, ಎಲ್ಲರ ಮುಂದೆ ಹಿಂಗ್ ಮಾಡ್ಬುಟ್ರಿ?”

“ನಾನು ಮಾಡಿದ್ದೇನೋ? ನೀನು ಮಾಡಿದ್ದು ಏನು ಅಂತ ಗೊತ್ತಾ ನಿಂಗೆ?”

“ಅಕ್ಕ, ಸ್ವಲ್ಪ ಅರ್ಥ ಮಾಡ್ಕಳಿ. ಒಂದೊಂದು ಜನಾಂಗದೋರೂ ಅವ್ರವ್ರ ಲೀಡ್ರನ್ನ ದೇವ್ರು ಮಾಡ್ಕತಾವ್ರೆ. ನಮ್ ಕಡೇರು ಒಬ್ರೂ ಇಲ್ಲಾಂದ್ರೆ ನಾಳೆ ಊರಲ್ಲಿ ನನ್ ಮುಖಕ್ಕೆ ಉಗೀತಾರೆ.”

“ಅಪ್ಪ ಇದ್ದಿದ್ರೆ ಇವತ್ತೇ ಉಗೀತಿದ್ರು.”

ಸೂರ್ಯಪ್ರಕಾಶ್ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡ. ಸಣ್ಣವನಿದ್ದಾಗ ಬೈಸಿಕೊಳ್ಳುವಾಗಲೂ ಹೀಗೆಯೇ ಅಂಗಿಯ ಅಂಚನ್ನು ಸುತ್ತಿಕೊಳ್ಳುತ್ತಿದ್ದ. “ಈಗ ಎಲ್ಲ ಮುಗುದಿಲ್ಲ ಅಕ್ಕ. ಸದನ ಸಮಿತಿ ಮೊದ್ಲೇ ಆಗೈತೆ, ಅಣ್ಣಯ್ಯನೋರೇ ಅಧ್ಯಕ್ಷರು. ಎಲ್ಲಾರ ಊರಿಗೂ ಬಂದು, ಜಾಗದಲ್ಲಿ ನಿಂತು ಸಂಕಲ್ಪ ಮಾಡಿ ವರದಿ ಕೊಡ್ಬೇಕು. ದಬ್ಬೇಘಟ್ಟಕ್ಕೆ ರಜಾ ದಿನ ನೋಡಿ ಡೇಟ್ ಹಾಕ್ಸಿದ್ದೀನಿ, ಜನ ಎಲ್ಲ ಮನೇಲಿರ್ತಾರಲ್ಲ ಅಂತ.”

ಯಾವ ದಿನವೆಂದು ಗಂಗಲಕ್ಷ್ಮಿಯವರು ಕೇಳಲಿಲ್ಲ. ಅವನ ಮುಖ ನೋಡುವುದೂ ಬೇಡವೆನಿಸಿತ್ತು.

ರೈಲಿನಲ್ಲಿ ತಿಪಟೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ದಬ್ಬೇಘಟ್ಟದಲ್ಲಿ ಇಳಿದಾಗ ಮರುದಿನ ಮಧ್ಯಾಹ್ನ. ತೋಟದ ದಾರಿಯಲ್ಲಿ ನಡೆಯುತ್ತ, ಅವ್ವನಿಗೆ ಈ ಸುದ್ದಿಯನ್ನು ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕುಳಿತಿದ್ದ ಭೈರಮ್ಮನವರನ್ನು ಕಂಡೊಡನೆ ಜೋಡಿಸಿದ ಮಾತೆಲ್ಲ ಮರೆತುಹೋಯಿತು.

ಅವ್ವನ ಎರಡು ಕೈಗಳ ತುಂಬ ಹಸಿರು ಬಳೆ. ಹಣೆಯಲ್ಲಿ ಕಾಸಿನಗಲ ಕುಂಕುಮ. ನರೆತ ತುರುಬಿನಲ್ಲಿ ಬಾಡುತ್ತಿದ್ದ ಮಲ್ಲಿಗೆ.

“ಯಾರವ್ವ ಇದನ್ನ ಮಾಡಿದ್ದು?”

“ಪುಷ್ಪಲತಾ ಅಂತ, ಪಾರ್ಟಿಯ ಹೆಂಗಸ್ರ ಲೀಡ್ರಂತೆ. ಕಾರಲ್ಲಿ ಒಂದಷ್ಟು ಜನ ಬಂದಿದ್ರು,” ಎಂದರು ಭೈರಮ್ಮ. ಅವರು ಕೈಗಳನ್ನು ಮಡಿಲಲ್ಲಿ ಅಲುಗಿಸದೆ, ಬೇರೆ ಯಾರದೋ ಸಾಮಾನು ಇಟ್ಟುಕೊಂಡಂತೆ, ಇಟ್ಟುಕೊಂಡಿದ್ದರು. “ನಿಮ್ಮಪ್ಪ ಸತ್ತಿಲ್ವಂತೆ ಕಣೇ. ಬೆಂಗ್ಳೂರಲ್ಲಿ ತೀರ್ಮಾನ ಆಯ್ತಂತೆ. ನಾನು ಬ್ಯಾಡ ಬ್ಯಾಡ ಅಂತಿದ್ರೂ ಹಿಡ್ಕಂಡು ತೊಡಿಸ್ಬುಟ್ರು. ಆಮ್ಯಾಕೆ ನನ್ ಕಾಲಿಗೆ ಬಿದ್ರು, ಫೋಟೋ ತಗುಸ್ಕಂಡ್ರು.”

ಗಂಗಲಕ್ಷ್ಮಿಯವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ, ಬಳೆ ಒಡೆಯುವುದು ಬೇಡವೆಂದು ತಾವು ವಾದಿಸಿದ್ದರು. ಕೇರಿಯ ಹೆಂಗಸರು ಕೇಳಿರಲಿಲ್ಲ. ಅಂದು ಒಡೆದವರು ಶಾಸ್ತ್ರ ಎಂದರು. ಇಂದು ತೊಡಿಸಿದವರು ಕಾನೂನು ಎಂದರು. ಎರಡು ಸಲವೂ ಅವ್ವನ ಕೈ ಹಿಡಿದವರು ಅವ್ವನನ್ನು ಕೇಳಿರಲಿಲ್ಲ.

“ತೆಗೀತೀನಿ ಇರವ್ವ,” ಎಂದು ಬಳೆಗೆ ಕೈ ಹಾಕಿದರು.

ಭೈರಮ್ಮ ಕೈ ಎಳೆದುಕೊಂಡರು. “ಬ್ಯಾಡ. ಎರಡೆರಡು ಸಲ ಒಡೆಸ್ಕಳಕ್ಕೆ ನನ್ ಕೈಲಾಗಲ್ಲ. ಅದ್ರ ಕಾಲಕ್ಕೆ ಅದು ಹೋಯ್ತದೆ ಬುಡು.” ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು, “ಬಾ ಇಲ್ಲಿ, ಬಳೆ ಮನೆ ಹಾಳಾಗ್ಲಿ, ಇನ್ನೊಂದು ತೋರುಸ್ತೀನಿ,” ಎಂದು ತೋಟಕ್ಕೆ ಕರೆದೊಯ್ದರು.

ಮನೆಯ ಹಿಂದೆ ಎರಡು ತೆಂಗಿನ ಮರಗಳ ನಡುವೆ ಹುಚ್ಚರಂಗಯ್ಯನವರ ಸಮಾಧಿಯ ಮಣ್ಣು. ಅದರ ಎಡಮಗ್ಗುಲಲ್ಲಿ ಒಬ್ಬರು ಮಲಗುವಷ್ಟು ಜಾಗವನ್ನು ಭೈರಮ್ಮ ತಾವೇ ಹುಲ್ಲು ಕಿತ್ತು ಚೊಕ್ಕಟವಾಗಿ ಇಟ್ಟುಕೊಂಡಿದ್ದರು. ಆ ಜಾಗ ತಮ್ಮದೆಂದು ಊರಿಗೆಲ್ಲ ಹೇಳಿದ್ದರು. ಈಗ ಸುತ್ತಲೂ ಗೂಟ ಹೊಡೆದು ಕೆಂಪು ಪಟ್ಟಿ ಕಟ್ಟಿದ್ದರು.

“ಅಳತೆ ಮಾಡಕ್ಕೆ ಬಂದೋರು ಕಟ್ಟಿದ್ದು. ಗರ್ಭಗುಡಿ ಆಯ್ತದಂತೆ. ದೇವ್ರ ಮಗ್ಗುಲಲ್ಲಿ ಹೆಣ ಹೂಳಂಗಿಲ್ವಂತೆ.” ಭೈರಮ್ಮ ಪಟ್ಟಿಯ ಮೇಲೆ ಕೈಯಿಟ್ಟು ನಿಂತರು. ಬಳೆ ಸದ್ದಾಯಿತು. “ಐವತ್ತು ವರ್ಷ ಆ ವಯ್ಯನ ಬೀಡಿ ವಾಸ್ನೆ ಸಹಿಸ್ಕಂಡೆ. ಈಗ ನನ್ನ ಎಲ್ಲಿಗೆ ಹಾಕ್ತೀರಿ ಗಂಗಾ?”

ನ್ಯಾಯಾಲಯಕ್ಕೆ ಹೋಗಬಹುದು, ಪತ್ರಿಕೆಗೆ ಬರೆಯಬಹುದು, ರಾಜ್ಯಪಾಲರಿಗೆ ಮನವಿ ಕೊಡಬಹುದು. ಅವ್ವನಿಗೆ ಅಷ್ಟು ಕಾಲ ಉಳಿದಿತ್ತೇ? ಸಮಿತಿ ಯಾವಾಗ ಬರುತ್ತದೆಂದು ಗಂಗಲಕ್ಷ್ಮಿಯವರು ಆಗ ಕೇಳಿದರು.

“ಮಾರ್ನಮಿ ಅಮಾಸೆ ದಿವ್ಸವಂತೆ,” ಎಂದರು ಭೈರಮ್ಮ.

ಗಂಗಲಕ್ಷ್ಮಿಯವರು ಬೆರಗಾಗಿ ತಾಯಿಯ ಮುಖ ನೋಡಿದರು. ಮಹಾಲಯ ಅಮಾವಾಸ್ಯೆ! ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದ ರಜೆಯನ್ನು ಮಾತ್ರ ಕಂಡಿದ್ದ ಸೂರ್ಯಪ್ರಕಾಶ್ ಅದು ಯಾವ ದಿನವೆಂಬುದನ್ನು ಮರೆತಿದ್ದ. ಆ ಸೀಮೆಯಲ್ಲಿ ಅಂದು ಪ್ರತಿ ಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದನ್ನೇ ಬಾಳೆಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತಾರೆ. ಹುಚ್ಚರಂಗಯ್ಯನವರಿಗೆ ಗಂಡುಮಕ್ಕಳಿರಲಿಲ್ಲ. ಅವರು ತೀರಿದಂದಿನಿಂದ ಆ ಬಾಗಿಲನ್ನು ತಟ್ಟಿ, ಉಂಡಿರಾ ಎಂದು ಕೇಳಿ ತೆರೆಯುತ್ತಿದ್ದವನು ಇದೇ ಸೂರ್ಯಪ್ರಕಾಶ್. ಎಷ್ಟು ಕೆಲಸವಿದ್ದರೂ ಅಂದು ಬರುತ್ತಿದ್ದ.

“ನಾವೇನು ಮಾಡೋಣವ್ವ?”

“ಏನ್ ಮಾಡೋದು? ವರ್ಷ ವರ್ಷಾ ಮಾಡೋದೇ. ದೇವ್ರಿಗೆ ಯಾರಾರ ಹಿರೀರ ಎಡೆ ಇಡ್ತಾರಾ? ಇಡೋದು ಸತ್ತೋರ್ಗೆ.” ಭೈರಮ್ಮ ಮನೆಯ ಕಡೆ ತಿರುಗಿದರು. “ಕೋಳಿ ಎರಡು ಜಾಸ್ತಿ ಹೇಳು. ಎಡೆ ದಿನ ಬಾಗ್ಲಿಗೆ ಬಂದೋರ್ನ ಬರೀ ಹೊಟ್ಟೇಲಿ ಕಳ್ಸಂಗಿಲ್ಲ.”

ಅಮಾವಾಸ್ಯೆಯ ಬೆಳಿಗ್ಗೆ ಭೈರಮ್ಮ ಬಚ್ಚಲಲ್ಲಿ ಕುಳಿತು, ಕೈಗೆ ಸೋಪು ಹಚ್ಚಿಕೊಂಡು, ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದರು. ಒಂದೂ ಒಡೆಯಲಿಲ್ಲ. ಹಣೆ ತೊಳೆದುಕೊಂಡರು. ಗಂಗಲಕ್ಷ್ಮಿಯವರು ಒಲೆಯ ಮುಂದೆ ಇದ್ದರು. ನಾಟಿ ಕೋಳಿ ಸಾರಿನ ವಾಸನೆ ತೋಟದ ತುದಿಗೂ ಮುಟ್ಟಿತ್ತು. ನಡುಮನೆಯಲ್ಲಿ ಕಳಶ, ಹುಚ್ಚರಂಗಯ್ಯನವರ ಭಾವಚಿತ್ರ, ಮಡಿಸಿದ ಬಿಳಿ ಪಂಚೆ. ಅದರ ಮುಂದೆ ಎಲೆಯಲ್ಲಿ ರಾಗಿಮುದ್ದೆ, ಸಾರು, ವಡೆ, ಒಬ್ಬಟ್ಟು. ಎಲೆಯ ಬಲಗಡೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ.

ದೀಪ ಹಚ್ಚಿ ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಕಾರುಗಳು ಬಂದವು. ಸಮಿತಿಯ ಅಧ್ಯಕ್ಷ ಅಣ್ಣಯ್ಯ, ಸದಸ್ಯರಾದ ಸೂರ್ಯಪ್ರಕಾಶ್, ಮಲ್ಲಿಕಾರ್ಜುನಯ್ಯ, ಮತ್ತಿಬ್ಬರು ಶಾಸಕರು. ಅವರ ಹಿಂದೆ ಪೂರ್ಣಕುಂಭ ಹೊತ್ತ ಹೆಂಗಸರೊಂದಿಗೆ ಪುಷ್ಪಲತಾ, ಸಾಮಗ್ರಿಯ ಬುಟ್ಟಿಯೊಡನೆ ಸರ್ಕಾರ ಗೊತ್ತುಮಾಡಿದ್ದ ಪುರೋಹಿತರು, ಟೀವಿಯವರು. ಪುರೋಹಿತರ ಮುಖ ಗಂಟಿಕ್ಕಿತ್ತು. ಅಮಾವಾಸ್ಯೆ ಬೇಡವೆಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಬೋಳು ಹಣೆಯ ಭೈರಮ್ಮನವರನ್ನು ಕಂಡು ಪುಷ್ಪಲತಾ, “ಅಯ್ಯೋ, ಕುಂಕುಮ ಎಲ್ಲಮ್ಮ?” ಎಂದರು.

“ಬನ್ರವ್ವ, ಕೂತ್ಕಳಿ,” ಎಂದರು ಭೈರಮ್ಮ. “ಒಳಗೆ ನಮ್ಮನೆಯೋರು ಉಣ್ತಾವ್ರೆ. ವಸಿ ಹೊತ್ತು ಸದ್ದು ಮಾಡ್ಬ್ಯಾಡಿ.”

ಇಷ್ಟು ಸಾಕಾಯಿತು. ಆ ಸೀಮೆಯ ಮಕ್ಕಳಾದ ಆ ಜನಪ್ರತಿನಿಧಿಗಳೆಲ್ಲ, ಯಾರೂ ಹೇಳದೆಯೇ, ಚಪ್ಪಲಿ ಕಳಚಿ, ಮೊಬೈಲು ಆರಿಸಿ, ಮುಚ್ಚಿದ ಬಾಗಿಲ ಮುಂದೆ ಅಂಗಳದಲ್ಲಿ ಸಾಲಾಗಿ ನಿಂತರು. ಸದನದಲ್ಲಿ ಸಭಾಧ್ಯಕ್ಷರು ಗಂಟೆ ಬಾರಿಸಿದರೂ ಸುಮ್ಮನಾಗದವರು ಒಬ್ಬ ಸತ್ತ ಮನುಷ್ಯನ ಊಟ ಮುಗಿಯಲೆಂದು ಉಸಿರು ಬಿಗಿಹಿಡಿದಿದ್ದುದನ್ನು ಗಂಗಲಕ್ಷ್ಮಿಯವರು ಕಣ್ಣಾರೆ ಕಂಡರು. ದೇವರ ಗುಡಿಯ ಮುಂದೆಯೂ ಅವರು ಹೀಗೆ ನಿಂತಿರಲಾರರು.

ಸೂರ್ಯಪ್ರಕಾಶ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಮುಖ ಕಪ್ಪಿಟ್ಟಿತ್ತು. ಯಾವ ದಿನಕ್ಕೆ ಬಂದಿದ್ದೇನೆಂಬುದು ಅವನಿಗೆ ಆಗ ತಾನೇ ಹೊಳೆದಂತಿತ್ತು.

“ಸೂರಿ,” ಎಂದರು ಭೈರಮ್ಮ. “ಬಾಗ್ಲು ತಟ್ಟು ಬಾ. ವರ್ಷ ವರ್ಷಾ ತಟ್ಟೋನು ನೀನೇ ಅಲ್ವಾ.”

ಅವನು ಟೀವಿಯವರ ಕಡೆ ನೋಡಿದ. ಅಣ್ಣಯ್ಯನವರ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಶಾಲನ್ನು ತೆಗೆದು ಜಗಲಿಯ ಮೇಲಿಟ್ಟು ಮುಂದೆ ಬಂದು, ಬಾಗಿಲನ್ನು ಮೂರು ಸಲ ತಟ್ಟಿದ.

“ಅಯ್ಯಾ,” ಎಂದ. “ಅಯ್ಯಾ, ಉಂಡ್ರಾ?”

ಒಳಗೆ ಸದ್ದಿರಲಿಲ್ಲ. ಪ್ರತಿ ವರ್ಷವೂ ಇರುತ್ತಿರಲಿಲ್ಲ. ಆ ಮೌನದಲ್ಲಿ ತಂದೆ ಎಷ್ಟು ಪೂರ್ತಿಯಾಗಿ ಸತ್ತಿದ್ದಾರೆ, ಅದರಿಂದಲೇ ಎಷ್ಟು ತಮ್ಮವರಾಗಿ ಉಳಿದಿದ್ದಾರೆ ಎಂದು ಗಂಗಲಕ್ಷ್ಮಿಯವರಿಗೆ ಅನ್ನಿಸಿ ಕಣ್ಣು ತುಂಬಿತು.

ಬಾಗಿಲು ತೆರೆಯಿತು. ಸಾರಿನ ಘಮ ಅಂಗಳಕ್ಕೆ ಬಂತು. ಅಣ್ಣಯ್ಯನವರು ಮೀಸೆ ಸವರಿಕೊಂಡರು.

“ಕೂತ್ಕಳ್ರಪ್ಪ ಎಲೆಗೆ,” ಎಂದರು ಭೈರಮ್ಮ.

ಸಂಕಲ್ಪ ಮೊದಲು ಮುಗಿಯಲಿ ಎಂದು ಯಾರೋ ಗೊಣಗಿದರು. “ಹಿರೀರ ಊಟ ಬ್ಯಾಡ ಅನ್ಬಾರ್ದು ಕಣ್ರೀ, ದೋಷ ಬತ್ತದೆ,” ಎಂದು ಅಣ್ಣಯ್ಯನವರೇ ಮೊದಲು ಕುಳಿತರು. ಉಳಿದವರೂ ಕುಳಿತರು. ಸೂರ್ಯಪ್ರಕಾಶ್ ಯಾರ ಮುಖವನ್ನೂ ನೋಡದೆ, ಮೊದಲಿನಂತೆಯೇ ಗಬಗಬ ಉಂಡ. ಮಾಂಸ ತಿನ್ನದ ಮಲ್ಲಿಕಾರ್ಜುನಯ್ಯನವರು ಜಗಲಿಯಲ್ಲಿ ದೂರ ಕುಳಿತಿದ್ದರು. ಭೈರಮ್ಮ ಎಡೆಯ ಮೇಲಿದ್ದ ಒಬ್ಬಟ್ಟನ್ನು ಬೇರೆ ಎಲೆಯಲ್ಲಿಟ್ಟು ಅವರಿಗೂ ಕೊಟ್ಟರು.

ಊಟವಾಗಿ ಕೈ ತೊಳೆದೊಡನೆ ಟೀವಿಯವನು ಮೈಕು ಹಿಡಿದ. ಅಣ್ಣಯ್ಯನವರು ತೇಗಿ, “ಸ್ವಾಮಿಯ ಮಹಾಪ್ರಸಾದ ಸ್ವೀಕರಿಸಿದ್ದೇವೆ,” ಎಂದರು.

ಗಂಗಲಕ್ಷ್ಮಿಯವರಿಗೆ ಮೈಯೆಲ್ಲ ಉರಿಯಿತು. ಹೊಟ್ಟೆಯ ಅನ್ನ ಇಳಿಯುವ ಮೊದಲೇ ಈ ಮಾತು ಬರಬಲ್ಲುದೇ?

“ಪ್ರಸಾದ ಅಲ್ಲ ಕಣಪ್ಪ,” ಎಂದರು ಭೈರಮ್ಮ. ಧ್ವನಿ ಏರಿರಲಿಲ್ಲ. “ನೀವು ಉಂಡಿದ್ದು ಸತ್ತೋರ ಎಡೆ. ಎಲೆ ಮಗ್ಗುಲಲ್ಲಿ ಬೀಡಿ ಕಾಣಲಿಲ್ವಾ? ಯಾವ ದೇವ್ರು ಬೀಡಿ ಸೇದ್ತಾನೆ?”

ಮೈಕು ಅಲ್ಲೇ ನಿಂತಿತು. ಅಷ್ಟರಲ್ಲಿ ಪುರೋಹಿತರು ಬುಟ್ಟಿಯನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡರು.

“ನಾನು ಬರುತ್ತೇನೆ ಸ್ವಾಮಿ. ಪಿತೃಗಳ ಎಡೆ ಉಂಡವರು ಇವತ್ತು ದೇವತಾ ಸಂಕಲ್ಪ ಮಾಡುವಂತಿಲ್ಲ.”

“ಮಲ್ಲಿಕಾರ್ಜುನಯ್ಯನೋರು ಊಟ ಮಾಡಿಲ್ವಲ್ಲ, ಅವ್ರ ಕೈಲಿ ಮಾಡ್ಸಿ,” ಎಂದರು ಪುಷ್ಪಲತಾ.

ಮಲ್ಲಿಕಾರ್ಜುನಯ್ಯನವರು ಬೆರಳನ್ನು ಮೆಲ್ಲಗೆ ಕರವಸ್ತ್ರಕ್ಕೆ ಒರೆಸಿಕೊಂಡರು. “ನಾನು ವಿರೋಧ ಪಕ್ಷದವನಮ್ಮ. ಅದೂ ಅಲ್ಲದೆ ನನಗೂ ಒಬ್ಬಟ್ಟು ಬಿದ್ದಿದೆ, ಎಡೆಯದ್ದೇ. ಬಹಳ ಚೆನ್ನಾಗಿತ್ತು.”

ಅಂಗಳದಲ್ಲಿ ಯಾರೋ ನಕ್ಕರು. ಸದನದಲ್ಲಿ ಕೇಳಿಸಬೇಕಾಗಿದ್ದ ನಗು ದಬ್ಬೇಘಟ್ಟದಲ್ಲಿ ಕೇಳಿಸಿತು. ಮರುದಿನ ಬೇರೆ ಊರಿಗೆ ಹೋಗಬೇಕಿದ್ದ ಸಮಿತಿ, ಸಂಕಲ್ಪವಿಲ್ಲದೆಯೇ ಕಾರು ಹತ್ತಿತು. ಸೂರ್ಯಪ್ರಕಾಶ್ ಕೊನೆಯಲ್ಲಿ ಹೊರಟಾಗ ಭೈರಮ್ಮ ಒಂದು ಬಟ್ಟೆಯ ಗಂಟನ್ನು ಅವನ ಕೈಗಿಟ್ಟರು. ಒಳಗೆ ಗಾಜು ಕಿಣಿಗುಟ್ಟಿತು.

“ಇವು ಯಾರ್ವೋ ಇಲ್ಲಿ ಬುಟ್ಟೋಗವ್ರೆ. ಕೊಟ್ಬುಡು.”

“ಅವ್ವಾ, ತಪ್ಪಾ...” ಎಂದು ಆರಂಭಿಸಿದ ಅವನು ಅಷ್ಟಕ್ಕೇ ನಿಲ್ಲಿಸಿದ.

“ಕಾಯಿನ ಅಟ್ಟದ ಮೇಲೆ ವರ್ಷ ಇಟ್ರೆ ಒಳಗಿನ ನೀರು ಬತ್ತಿ ಕೊಬ್ರಿ ಆಯ್ತದೆ ಸೂರಿ. ಮತ್ತೆ ಅದಕ್ಕೆ ನೀರು ತುಂಬಕ್ಕಾಯ್ತದಾ? ಕೊಬ್ರಿನ ಕೊಬ್ರಿ ಅಂತ್ಲೇ ಮಡಗ್ಬೇಕು. ಹೋಗು.”

ಸದನ ಮತ್ತೆ ಸೇರಿದಾಗ ಗಂಗಲಕ್ಷ್ಮಿಯವರು ಬೆಂಗಳೂರಿಗೆ ಹೋಗಲಿಲ್ಲ. ನಡುಮನೆಯ ಟೀವಿಯ ಮುಂದೆ ತಾಯಿಯ ಪಕ್ಕದಲ್ಲಿ ಕುಳಿತಿದ್ದರು. ಕೋಳಿ ಮೂಳೆ ಹಿಡಿದ ಅಣ್ಣಯ್ಯನವರ ಚಿತ್ರ ಅಷ್ಟು ಹೊತ್ತಿಗೆ ಊರೂರಿನ ಮೊಬೈಲುಗಳಲ್ಲಿ ಓಡಾಡಿತ್ತು. ಸಮಿತಿಯ ವರದಿಯಲ್ಲಿ ದಬ್ಬೇಘಟ್ಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಸಭಾಧ್ಯಕ್ಷರು ತಿದ್ದುಪಡಿಯ ವಿಷಯ ಎತ್ತಿದಾಗ ಮಲ್ಲಿಕಾರ್ಜುನಯ್ಯನವರು ಎದ್ದು, ತಿದ್ದುಪಡಿ ಮಂಡಿಸಿದ ಮಾನ್ಯ ಸದಸ್ಯರು ಆ ಮನೆಯಲ್ಲಿ ಎಡೆ ಉಂಡದ್ದು ನಿಜವೇ ಎಂದು ಮಾತ್ರ ಕೇಳಿದರು.

ಸೂರ್ಯಪ್ರಕಾಶ್ ನಿಧಾನವಾಗಿ ಎದ್ದುನಿಂತ. ಶಾಲಿನ ಅಂಚು ಬೆರಳಿಗೆ ಸುತ್ತಿತ್ತು.

“ನಿಜ ಸ್ವಾಮಿ. ಪ್ರತಿ ವರ್ಷ ಉಣ್ಣುತ್ತೇನೆ. ಹುಚ್ಚರಂಗಯ್ಯನವರು ತೀರಿಹೋಗಿದ್ದಾರೆ. ತಪ್ಪಾಯಿತು. ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುತ್ತೇನೆ.”

ಗಂಗಲಕ್ಷ್ಮಿಯವರು ಕಣ್ಣು ಮುಚ್ಚಿಕೊಂಡರು. ತಪ್ಪಾಯಿತು ಎಂಬ ಮಾತು ಆ ಸಭಾಂಗಣದಲ್ಲಿ ಅಷ್ಟು ವರ್ಷಗಳ ಬಳಿಕ ಮತ್ತೆ ಕೇಳಿಸಿತ್ತು. ಹಳೆಯ ಭಾಷಣ ಕಡತದಲ್ಲೇ ಉಳಿಯುವುದು. ಗೂಟಗಳನ್ನು ಬೆಳಿಗ್ಗೆಯೇ ಅವರು ಕಿತ್ತು ಬೇಲಿಯಾಚೆ ಎಸೆದಿದ್ದರು. ಅವ್ವನ ಜಾಗ ಅವ್ವನಿಗೆ ಉಳಿದಿತ್ತು.

ಇಷ್ಟಾದ ಮೇಲೆ ವಿಧೇಯಕವೇ ಬಿದ್ದುಹೋಗುವುದೆಂದು ಅವರು ನಂಬಿದ್ದರು. ಒಬ್ಬ ಮನುಷ್ಯ ದೇವರಲ್ಲವೆಂದು ಒಪ್ಪಿದ ಸಭೆಗೆ ಉಳಿದವರ ವಿಷಯದಲ್ಲಾದರೂ ಸಂಕೋಚ ಹುಟ್ಟಬೇಡವೇ? ಸಭಾಧ್ಯಕ್ಷರು ವಿಧೇಯಕವನ್ನು ಮತಕ್ಕೆ ಹಾಕಿದರು. ಹೌದೆನ್ನುವವರ ಕೂಗು ಟೀವಿಯನ್ನು ಗಡಗಡಿಸಿತು. ಅಲ್ಲವೆನ್ನುವವರ ಸದ್ದು ಮಲ್ಲಿಕಾರ್ಜುನಯ್ಯನವರ ಸಾಲಿನ ಆಸುಪಾಸಿನಲ್ಲೇ ಅಡಗಿತು. ಆರು ಮಂದಿ ಸತ್ತ ಮನುಷ್ಯರು ಅಲ್ಲಿಗೆ ದೇವರಾದರು. ಹೌದೆಂದು ಕೂಗಿದವರ ನಡುವೆ ಸೂರ್ಯಪ್ರಕಾಶನ ಕೈಯೂ ಮೇಲೆದ್ದಿತ್ತು.

ಗಂಗಲಕ್ಷ್ಮಿಯವರು ಬೆಪ್ಪಾಗಿ ಪರದೆಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಭೈರಮ್ಮ ಬರಿಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

“ಆ ಆರು ಜನ್ರ ಮನೇಲಿ ಯಾರೂ ಎಡೆ ಇಡ್ನಿಲ್ವೇನೇ, ಗಂಗಾ?” ಎಂದು ಕೇಳಿದರು.